ಹಳೆ ಕಾರಿನ ಎಂಜಿನ್ ಒಳಗಿನ ಗುರುತು ಸಿಗದ ಭಾಗಗಳನ್ನು ಪತ್ತೆ ಹಚ್ಚುವುದು ಹೇಗೆ? ಝೆನ್–ಎಸ್ಟೀಮ್ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ಬಿಚ್ಚಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಹೊಸ ಪಿಸ್ಟನ್ ತಂದೆ, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಒಳಗೆ ಇಳಿಯುತ್ತಿಲ್ಲ. ಬೇರಿಂಗ್ ಸೆಟ್ ಹಾಕಿ ಬಿಗಿ ಮಾಡಿದೆ, ಕ್ರ್ಯಾಂಕ್ (ಪಿಸ್ಟನ್‌ಗಳ ಓಟದಿಂದ ತಿರುಗುವ ದಂಡ) ತಿರುಗುತ್ತಿಲ್ಲ. ಅರ್ಧಚಂದ್ರದ ಆಕಾರದ ಎರಡು ತುಂಡು ಉಳಿದಿವೆ, ಇವು ಎಲ್ಲಿಯವು? ಇವೆಲ್ಲದರ ಹಿಂದೆ ಇರುವ ತಪ್ಪು ಒಂದೇ. ಆರ್‌ಸಿಯಲ್ಲಿ ಬರೆದಿರುವ ಕಾರಿನ ಹೆಸರು ನೋಡಿ ಒಳಗಿನ ಭಾಗ ಯಾವುದೆಂದು ಊಹಿಸಿರುತ್ತಾರೆ.

ಒಮ್ಮೆ ಬೋರ್ ಆದ (ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿದ), ಕ್ರ್ಯಾಂಕ್ ಗ್ರೈಂಡಿಂಗ್ ಆದ (ಸವೆದ ಕ್ರ್ಯಾಂಕನ್ನು ಉಜ್ಜಿ ಸಣ್ಣದು ಮಾಡಿದ) ಎಂಜಿನ್‌ಗೆ ಕಾರಿನ ಹೆಸರು ಅರ್ಧ ಮಾತ್ರ ಅನ್ವಯಿಸುತ್ತದೆ. ಭಾಗವನ್ನು ಮೊದಲು ಅದು ಕೂತಿದ್ದ ಜಾಗದಿಂದ ಗುರುತಿಸಬೇಕು, ಆಮೇಲೆ ಅದರ ಮೇಲಿನ ಗುರುತಿನಿಂದ, ಕೊನೆಗೆ ಅಳತೆಯಿಂದ. ಮೂರರಲ್ಲಿ ಹೊಂದಾಣಿಕೆ ಆಗದಿದ್ದರೆ ಅಳತೆ ಹೇಳಿದ್ದೇ ಸರಿ.

ಉದಾಹರಣೆಗೆ ಮಾರುತಿ ಝೆನ್ ಮತ್ತು ಎಸ್ಟೀಮ್ ಪೆಟ್ರೋಲ್ ಎಂಜಿನ್‌ಗಳನ್ನು ತೆಗೆದುಕೊಂಡಿದ್ದೇನೆ. ಝೆನ್‌ನದು ಜಿ10ಬಿ: 993 ಸಿಸಿ, ಬೋರ್ 72 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ) 61 ಮಿಮೀ. ಎಸ್ಟೀಮ್‌ನದು ಜಿ13 ಕುಟುಂಬ: 1298 ಸಿಸಿ, ಬೋರ್ 74 ಮಿಮೀ, ಸ್ಟ್ರೋಕ್ 75.5 ಮಿಮೀ. ಎರಡೂ ನಾಲ್ಕು ಸಿಲಿಂಡರಿನವು, ಎರಡಕ್ಕೂ ಅಲ್ಯೂಮಿನಿಯಂ ಬ್ಲಾಕ್, ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಎಸ್ಟೀಮ್ ಎಂಜಿನ್ ಕೂರಿಸಿದ ಝೆನ್‌ಗಳು ನಮ್ಮಲ್ಲಿ ಸಾಕಷ್ಟು ಓಡಾಡಿವೆ. ಜಿಪ್ಸಿ ಕಿಂಗ್‌ನಲ್ಲೂ, 2005ರಲ್ಲಿ ಬಂದ ಮೊದಲ ಸ್ವಿಫ್ಟ್ ಪೆಟ್ರೋಲ್‌ನಲ್ಲೂ ಇರುವುದು ಇದೇ 1298 ಸಿಸಿ ಕುಟುಂಬ. ಆದರೆ ಅದರಲ್ಲೂ 8 ವಾಲ್ವ್, 16 ವಾಲ್ವ್ ಎಂಬ ಎರಡು ಬಗೆ ಇವೆ. ಗೊಂದಲ ಆಗುವುದು ಇಲ್ಲೇ.

## ಬೇಕಾಗುವ ಸಾಮಾನು

ಸ್ಪ್ಯಾನರ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ಇದ್ದೇ ಇರುತ್ತವೆ ಅಂದುಕೊಳ್ಳುತ್ತೇನೆ. ಗುರುತಿಸುವ ಕೆಲಸಕ್ಕೆ ಇನ್ನೂ ಕೆಲವು ಬೇಕು: ಡಿಜಿಟಲ್ ವರ್ನಿಯರ್, 0–25, 25–50 ಮತ್ತು 50–75 ಮಿಮೀ ಮೈಕ್ರೋಮೀಟರ್, ಬೋರ್ ಗೇಜ್, ಫೀಲರ್ ಗೇಜ್, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಬೇರಿಂಗ್‌ನ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ), ಸಣ್ಣ ಮ್ಯಾಗ್ನೆಟ್, ಪೇಂಟ್ ಮಾರ್ಕರ್, ಜಿಪ್ ಕವರ್‌ಗಳು, ದಪ್ಪ ರಟ್ಟು, ಸೀಮೆಎಣ್ಣೆ ಅಥವಾ ಡೀಸೆಲ್, ಮೆತ್ತನೆಯ ಬ್ರಷ್.

ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಕೊಳ್ಳಲೇಬೇಕು ಅಂತಿಲ್ಲ. ಬೋರಿಂಗ್ ಮಾಡುವ ಲೇತ್ ಅಂಗಡಿಯಲ್ಲಿ ಇರುತ್ತವೆ, ಬ್ಲಾಕ್ ಮತ್ತು ಕ್ರ್ಯಾಂಕ್ ತೆಗೆದುಕೊಂಡು ಹೋದರೆ ಅಳೆದು ಕೊಡುತ್ತಾರೆ. ಎದುರಿಗೇ ಅಳೆಯಲು ಹೇಳಿ, ಪ್ರತಿ ಅಂಕಿಯನ್ನೂ ನೀವೇ ಬರೆದುಕೊಳ್ಳಿ. "ಸ್ಟ್ಯಾಂಡರ್ಡ್ ಇದೆ ಬಿಡಿ" ಅನ್ನುವ ಮಾತನ್ನು ಅಳತೆ ಅಂತ ಒಪ್ಪಿಕೊಳ್ಳಬೇಡಿ.

ವರ್ನಿಯರ್‌ನಿಂದ ಆಗುವ ಕೆಲಸಕ್ಕೂ ಒಂದು ಮಿತಿ ಇದೆ. ಪಿಸ್ಟನ್ ಸ್ಟ್ಯಾಂಡರ್ಡ್ ಸೈಜಿನದೋ, 0.25 ಅಥವಾ 0.50 ಓವರ್‌ಸೈಜಿನದೋ (ಅಷ್ಟು ಮಿಮೀ ದೊಡ್ಡದೋ) ಅಂತ ಅದು ಚೆನ್ನಾಗಿಯೇ ಹೇಳುತ್ತದೆ. ಪಿಸ್ಟನ್ ಮತ್ತು ಬೋರ್ ನಡುವಿನ ಸಂದು ಎಷ್ಟಿದೆ ಅಂತ ಅದರಿಂದ ತಿಳಿಯುವುದಿಲ್ಲ.

## ಹಂತ 1: ನಂಬರ್ ಮತ್ತು ಆರ್‌ಸಿ ತಾಳೆ ನೋಡಿ

ಬ್ಲಾಕ್ ಮೇಲೆ ಕೊರೆದಿರುವ ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಸುಜುಕಿ ಎಂಜಿನ್‌ಗಳಲ್ಲಿ ಈ ನಂಬರ್ ಶುರುವಾಗುವುದೇ ಎಂಜಿನ್ ಮಾದರಿಯಿಂದ. ಜಿ10 ಅಂತಿದೆಯೋ ಜಿ13 ಅಂತಿದೆಯೋ ನೋಡಿದರೆ ಬ್ಲಾಕ್ ಯಾವುದೆಂದು ಗೊತ್ತಾಗುತ್ತದೆ. ಬ್ಲಾಕ್ ಮಾತ್ರ. ಅದರೊಳಗಿನ ಪಿಸ್ಟನ್, ಮೇಲಿನ ಹೆಡ್ (ವಾಲ್ವ್‌ಗಳಿರುವ ಭಾಗ) ಎಲ್ಲಿಂದ ಬಂದವು ಅನ್ನುವುದನ್ನು ಈ ನಂಬರ್ ಹೇಳುವುದಿಲ್ಲ.

ಎರಡೂ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಎಂಜಿನ್ ಬದಲಾಯಿಸಿದರೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದು ಇಂಥ ಬದಲಾವಣೆಗಳಿಗಾಗಿಯೇ. ಕಾಗದ ಸರಿ ಇಲ್ಲದ ಎಂಜಿನ್‌ಗೆ ಪಿಸ್ಟನ್ ಸೆಟ್ ಕೊಂಡು ದುಡ್ಡು ಸುರಿಯಬೇಡಿ, ಆಮೇಲೆ ಇನ್ಶೂರೆನ್ಸ್ ಕ್ಲೇಮ್ ಕೂಡ ಕಷ್ಟವಾಗುತ್ತದೆ. ನಂಬರ್ ಇರುವ ಜಾಗ ಉಜ್ಜಿದಂತೆ, ಮತ್ತೆ ಕೊರೆದಂತೆ ಕಂಡರೆ ಒಂದು ಬೋಲ್ಟ್ ಕೂಡ ಬಿಚ್ಚದೆ ಕೊಟ್ಟವರ ಬಳಿ ವಿಚಾರಿಸಿ. ಸಮಾಧಾನದ ಉತ್ತರ ಬರದಿದ್ದರೆ ಪೊಲೀಸರಿಗೆ ತಿಳಿಸಿ.

## ಹಂತ 2: ಬಿಚ್ಚುವ ಮೊದಲೇ ಸ್ಟ್ರೋಕ್ ಅಳೆಯಿರಿ

ಕ್ರ್ಯಾಂಕ್ ಯಾವುದೆಂದು ತಿಳಿಯಲು ಎಂಜಿನ್ ಬಿಚ್ಚಲೇಬೇಕು ಅಂತೇನಿಲ್ಲ. ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಮೊದಲ ಸಿಲಿಂಡರಿನ ಪ್ಲಗ್ ತೂತಿಗೆ ಪೆನ್ಸಿಲ್ ದಪ್ಪದ ಉದ್ದನೆಯ ಮರದ ಕಡ್ಡಿ ಇಳಿಸಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ನಿಧಾನವಾಗಿ, ಪುಲ್ಲಿ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಪಿಸ್ಟನ್ ತೀರಾ ಮೇಲಿದ್ದಾಗ ಕಡ್ಡಿಗೆ ಒಂದು ಗೆರೆ, ತೀರಾ ಕೆಳಗಿದ್ದಾಗ ಇನ್ನೊಂದು ಗೆರೆ ಎಳೆಯಿರಿ. ಎರಡರ ನಡುವಿನ ದೂರವೇ ಸ್ಟ್ರೋಕ್.

61ರ ಆಸುಪಾಸು ಬಂದರೆ ಝೆನ್ ಕ್ರ್ಯಾಂಕ್, 75ರ ಆಸುಪಾಸು ಬಂದರೆ ಎಸ್ಟೀಮ್ ಕ್ರ್ಯಾಂಕ್. ಪ್ಲಗ್ ತೂತು ಓರೆಯಾಗಿದ್ದರೆ ಅಳತೆ ಒಂದೆರಡು ಮಿಲಿಮೀಟರ್ ಜಾಸ್ತಿ ಬರಬಹುದು. ನಡುವಿನ ವ್ಯತ್ಯಾಸ 14.5 ಮಿಮೀ ಇರುವುದರಿಂದ ತೀರ್ಮಾನಕ್ಕೆ ತೊಂದರೆ ಇಲ್ಲ.

ಸ್ಕ್ರೂಡ್ರೈವರ್ ಅಥವಾ ಕಬ್ಬಿಣದ ಸರಳು ಮಾತ್ರ ಇಳಿಸಬೇಡಿ. ಪಿಸ್ಟನ್ ಮೇಲೆ ಬರುವಾಗ ಅದು ಅಡ್ಡ ಸಿಕ್ಕಿಕೊಂಡರೆ ಪಿಸ್ಟನ್ ತಲೆ ಅಥವಾ ಪ್ಲಗ್ ತೂತಿನ ಥ್ರೆಡ್ ಹಾಳಾಗುತ್ತದೆ. ತುಂಡಾಗಿ ಒಳಗೆ ಬೀಳುವಷ್ಟು ಸಣ್ಣ ಕಡ್ಡಿಯೂ ಬೇಡ.

## ಹಂತ 3: ಚೇಂಬರ್ ಮತ್ತು ಆಯಿಲ್ ಫಿಲ್ಟರ್‌ನಲ್ಲಿ ಸಿಕ್ಕ ಚೂರುಗಳು

ಆಯಿಲ್ ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಇಳಿಸಿದ ತಕ್ಷಣ ತೊಳೆದುಬಿಡುವುದು ತುಂಬಾ ಜನ ಮಾಡುವ ತಪ್ಪು. ತಳದ ಕೆಸರಿನಲ್ಲೇ ಎಂಜಿನ್‌ನ ಅರ್ಧ ಕಥೆ ಇರುತ್ತದೆ. ಮೊದಲು ಫೋಟೋ ತೆಗೆಯಿರಿ. ಆಮೇಲೆ ಆಯಿಲನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಕ್ಕ ಚೂರುಗಳನ್ನು ಬಿಳಿ ಕಾಗದದ ಮೇಲೆ ಹರಡಿ ಮ್ಯಾಗ್ನೆಟ್ ಆಡಿಸಿ.

ಮ್ಯಾಗ್ನೆಟ್‌ಗೆ ಅಂಟಿದ್ದು ಕಬ್ಬಿಣ ಅಥವಾ ಉಕ್ಕು. ಚೌಕ ಅಂಚಿನ, ಬಾಗಿದ, ಮುರಿದರೆ ಕಟ್ಟನೆ ತುಂಡಾಗುವ ಚೂರು ಪಿಸ್ಟನ್ ರಿಂಗ್‌ನದು. ದುಂಡು ತಂತಿಯ ತುಂಡಾದರೆ ಗಜನ್ ಪಿನ್ (ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡನ್ನು ಸೇರಿಸುವ ಪಿನ್) ಜಾರದಂತೆ ಹಿಡಿಯುವ ಸರ್ಕ್ಲಿಪ್ ಇರಬಹುದು. ಅಂಟದೆ, ಉಗುರಿಗೆ ಮೆತ್ತಗೆ ಸಿಗುವ ಬೆಳ್ಳಗಿನ ದಪ್ಪ ತುಣುಕು ಪಿಸ್ಟನ್‌ನ ಅಲ್ಯೂಮಿನಿಯಂ. ತೆಳು ಹಾಳೆಯಂತೆ ಎದ್ದ, ಒಂದು ಬದಿ ನುಣುಪಾಗಿರುವ ಬೂದು ಚಕ್ಕೆ ಬೇರಿಂಗ್ ಮೇಲ್ಪದರ. ಗಟ್ಟಿಯಾದ ಕಪ್ಪು ರಬ್ಬರ್ ಚೂರು ವಾಲ್ವ್ ಸೀಲ್‌ನದು. ಹುಳದಂತೆ ಉದ್ದುದ್ದ ಇರುವ ರಬ್ಬರ್, ಯಾರೋ ಗ್ಯಾಸ್ಕೆಟ್ ಪೇಸ್ಟನ್ನು ಜಾಸ್ತಿ ಬಳಿದಿದ್ದರ ಗುರುತು. ಹೀಗಿದ್ದರೆ ಆಯಿಲ್ ಪಂಪ್‌ನ ಜಾಲರಿಯನ್ನು ತಪ್ಪದೆ ನೋಡಿ, ಇದು ಹೋಗಿ ಸಿಕ್ಕಿಕೊಳ್ಳುವುದು ಅಲ್ಲೇ.

ಝೆನ್, ಎಸ್ಟೀಮ್ ಎರಡರಲ್ಲೂ ಇರುವುದು ಟೈಮಿಂಗ್ ಬೆಲ್ಟ್. ಅದು ಎಣ್ಣೆ ತಾಗದ ಕಡೆ, ಹೊರಗಿದೆ. ಹಾಗಾಗಿ ಚೇಂಬರ್‌ನಲ್ಲಿ ಕಂದು ಪ್ಲಾಸ್ಟಿಕ್ ಚೂರು ಸಿಕ್ಕರೆ ಅದು ಚೈನ್ ಗೈಡ್ ಆಗಲು ಸಾಧ್ಯವೇ ಇಲ್ಲ. ಚೈನ್ ಇರುವ ಬೇರೆ ಎಂಜಿನ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ಫಿಲ್ಟರ್ ಕತ್ತರಿಸಲು ಹ್ಯಾಕ್ಸಾ ಬೇಡ. ಅದರ ಪುಡಿಯೇ ಒಳಗೆ ಬಿದ್ದು, ಎಂಜಿನ್‌ನಿಂದ ಬಂದ ಚೂರು ಯಾವುದು ಅಂತ ತಿಳಿಯದಂತೆ ಆಗುತ್ತದೆ. ತಗಡು ಕತ್ತರಿಯಿಂದ ಬಿಡಿಸಿ.

## ಹಂತ 4: ಕೈ ಹಾಕುವ ಮೊದಲು ಗುರುತು ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ಚೆನ್ನಾಗಿ ಅಳೆದರೂ ಪೂರ್ತಿ ಉತ್ತರ ಸಿಗುವುದಿಲ್ಲ.

ಈ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಕಡೆಯದು ಒಂದನೇ ಸಿಲಿಂಡರ್. ಅಲ್ಲಿಂದ 1, 2, 3, 4 ಅಂತ ಪೇಂಟ್ ಮಾರ್ಕರ್‌ನಿಂದ ಬರೆಯುತ್ತಾ ಹೋಗಿ: ಪಿಸ್ಟನ್ ತಲೆ, ಕನೆಕ್ಟಿಂಗ್ ರಾಡ್ (ಪಿಸ್ಟನ್ ಮತ್ತು ಕ್ರ್ಯಾಂಕ್ ನಡುವಿನ ಕೊಂಡಿ), ಅದರ ಕ್ಯಾಪ್. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್ ಐದಿವೆ, ಅವುಗಳಿಗೆ ಅಂಕಿ ಮತ್ತು ಬಾಣದ ಗುರುತು ಮೊದಲೇ ಇರುತ್ತದೆ. ಬಾಣ ಪುಲ್ಲಿ ಕಡೆಗೆ ನೋಡಬೇಕು. ಪಿಸ್ಟನ್ ತಲೆಯ ಮೇಲಿನ ಬಾಣವೂ ಪುಲ್ಲಿ ಕಡೆಗೇ. ರಾಡ್‌ನಲ್ಲಿರುವ ಎಣ್ಣೆ ತೂತು ಜಿ13ರಲ್ಲಿ ಇಂಟೇಕ್ (ಗಾಳಿ, ಪೆಟ್ರೋಲ್ ಒಳಬರುವ) ಕಡೆಗೆ ಬರುತ್ತದೆ. ನಿಮ್ಮ ಎಂಜಿನ್‌ನಲ್ಲಿ ಹಾಗಿಲ್ಲದಿದ್ದರೆ ಹಿಂದಿನ ಸಲ ಕೂರಿಸಿದವರು ತಪ್ಪಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ, ಸರಿ ಮಾಡುವುದು ಜೋಡಿಸುವಾಗ.

ಸೆಂಟರ್ ಪಂಚ್ ಹೊಡೆದು ಗುರುತು ಮಾಡುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ರಾಡ್ ಮೇಲೆ, ಕ್ಯಾಪ್ ಮೇಲೆ ದಯವಿಟ್ಟು ಹಾಗೆ ಮಾಡಬೇಡಿ. ಆ ಏಟಿಗೆ ಕ್ಯಾಪ್‌ನ ಆಕಾರ ಕೆಡಬಹುದು, ರಾಡ್‌ನಲ್ಲಿ ಸಣ್ಣ ಬಿರುಕು ಶುರುವಾಗಬಹುದು.

ರಾಡ್ ಮತ್ತು ಅದರ ಕ್ಯಾಪನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಜೋಡಿಸಿ ಒಂದೇ ಸಲಕ್ಕೆ ಬೋರ್ ಮಾಡಿರುತ್ತಾರೆ. ಎರಡನೇ ರಾಡ್‌ನ ಕ್ಯಾಪ್ ಮೂರನೆಯದಕ್ಕೆ ಹೋದರೆ ಒಳಗಿನ ಸುತ್ತು ದುಂಡಗೆ ಉಳಿಯುವುದಿಲ್ಲ. ಮೇನ್ ಕ್ಯಾಪ್‌ಗಳಿಗೂ ಇದೇ ಮಾತು. ಆದ್ದರಿಂದ ಒಂದು ರಾಡ್ ಬಿಚ್ಚಿದ ತಕ್ಷಣ ಅದರ ಕ್ಯಾಪನ್ನು ಅದೇ ದಿಕ್ಕಿನಲ್ಲಿ ವಾಪಸ್ ಸಿಕ್ಕಿಸಿ, ನಟ್ ಕೈಯಲ್ಲೇ ತಿರುಗಿಸಿ ಇಡಿ.

ಬಿಚ್ಚಿದ್ದನ್ನು ಗುಂಪು ಮಾಡುವಾಗ ಜಾಗ ನೋಡಿ ಮಾಡಿ, ಜಾತಿ ನೋಡಿ ಅಲ್ಲ. ಎಲ್ಲ ಬೇರಿಂಗ್ ಒಂದು ಡಬ್ಬಿಗೆ, ಎಲ್ಲ ವಾಲ್ವ್ ಇನ್ನೊಂದು ಡಬ್ಬಿಗೆ ಹಾಕಿದರೆ ನೋಡಲು ಚೆಂದ. ಆದರೆ ಯಾವ ವಾಲ್ವ್ ಯಾವ ಗೈಡ್‌ನಲ್ಲಿ ಸವೆದಿತ್ತು ಅನ್ನುವುದು ಶಾಶ್ವತವಾಗಿ ಹೋಯಿತು. ಒಂದೊಂದು ಸಿಲಿಂಡರಿಗೆ ಒಂದೊಂದು ಟ್ರೇ ಇಡಿ. ಹೆಡ್ ಬೋಲ್ಟ್‌ಗಳಿಗೆ ರಟ್ಟಿನ ಮೇಲೆ ಹೆಡ್‌ನ ಆಕಾರ ಬಿಡಿಸಿ, ಅದೇ ಜಾಗದಲ್ಲಿ ತೂತು ಮಾಡಿ ಚುಚ್ಚಿಡಿ. ವಾಲ್ವ್ ಒತ್ತುವ ರಾಕರ್‌ಗಳು ಕೂರುವ ದಂಡ, ಅಂದರೆ ರಾಕರ್ ಶಾಫ್ಟ್, ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಇಂಟೇಕ್‌ನದು, ಅದರ ಯಾವ ತುದಿ ಪುಲ್ಲಿ ಕಡೆಗಿತ್ತು ಅಂತ ಎಳೆಯುವ ಮೊದಲೇ ಬರೆಯಿರಿ.

## ಹಂತ 5: ಮೆತ್ತಗೆ ತೊಳೆದು ಗುರುತು ಓದಿ

ಪಿಸ್ಟನ್ ತಲೆಯ ಮಸಿಯನ್ನು ವೈರ್ ಬ್ರಷ್‌ನಿಂದ ಉಜ್ಜಿದರೆ ಮಸಿಯ ಜೊತೆ ನಿಮಗೆ ಬೇಕಾದ ಅಂಕಿಯೂ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದರೆ ಮಾಸಿದ ಅಂಕಿಯೂ ಕಾಣುತ್ತದೆ.

ಪಿಸ್ಟನ್ ತಲೆಯಲ್ಲಿ 0.25, 0.50 ಅಥವಾ 25, 50 ಅಂತಿದ್ದರೆ ಓವರ್‌ಸೈಜ್. ಸ್ಟ್ಯಾಂಡರ್ಡ್ ಪಿಸ್ಟನ್‌ನಲ್ಲಿ 1 ಅಥವಾ 2 ಎಂಬ ಅಂಕಿ ಇರಬಹುದು. ಅದನ್ನು ಸಿಲಿಂಡರ್ ನಂಬರ್ ಅಂದುಕೊಳ್ಳಬೇಡಿ, ಅದು ಗಾತ್ರದ ದರ್ಜೆ. ಬೋರ್‌ಗೂ ಇಂಥದೇ ಅಂಕಿ ಬ್ಲಾಕ್‌ನಲ್ಲಿರುತ್ತದೆ, ಎರಡನ್ನೂ ಹೊಂದಿಸಿಯೇ ಹಾಕಿರುತ್ತಾರೆ.

ಬೇರಿಂಗ್ ಚಿಪ್ಪಿನ ಬೆನ್ನು ನೋಡಿ. ಎಸ್‌ಟಿಡಿ, 025, 050 ಅಂತ ಅಚ್ಚು ಇರುತ್ತದೆ, ತಯಾರಕರ ಗುರುತೂ ಇರುತ್ತದೆ. ಕಾರ್ಖಾನೆಯಿಂದಲೇ ಬಂದ ಸುಜುಕಿ ಮೇನ್ ಬೇರಿಂಗ್‌ಗಳ ಅಂಚಿಗೆ ಬಣ್ಣದ ಚುಕ್ಕೆ ಇಟ್ಟಿರುತ್ತಾರೆ. ಹಸಿರು, ಕಪ್ಪು, ಹಳದಿ, ನೀಲಿ, ಜೊತೆಗೆ ಬಣ್ಣವಿಲ್ಲದ್ದು. ಇವೆಲ್ಲ ಸ್ಟ್ಯಾಂಡರ್ಡ್ ಸೈಜಿನೊಳಗೇ ದಪ್ಪದ ಸೂಕ್ಷ್ಮ ದರ್ಜೆಗಳು. ಪೆಟ್ರೋಲ್, ಥಿನ್ನರ್ ತಾಗಿದರೆ ಬಣ್ಣ ಅಳಿಸಿಹೋಗಬಹುದು. ಆದ್ದರಿಂದ ಒಣ ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆದ ಮೇಲೆಯೇ ತೊಳೆಯಿರಿ.

ಎರಕದಲ್ಲೇ ಉಬ್ಬಿ ಬಂದ ಅಂಕಿಯನ್ನು ಪಾರ್ಟ್ ನಂಬರ್ ಅಂದುಕೊಂಡು ಅಂಗಡಿಯಲ್ಲಿ ಕೇಳುವವರು ಬಹಳ ಜನ. ಅದು ಅಚ್ಚಿನ ನಂಬರ್, ಅದರಿಂದ ಭಾಗ ಸಿಗುವುದಿಲ್ಲ. ಸುಜುಕಿ ಪಾರ್ಟ್ ನಂಬರಿನ ಮೊದಲ ಐದು ಅಂಕಿ ಭಾಗದ ಬಗೆ ಹೇಳುತ್ತದೆ, ಮುಂದಿನದು ಮಾದರಿ ಹೇಳುತ್ತದೆ. 12111 ಅಂದರೆ ಪಿಸ್ಟನ್, 12140 ರಿಂಗ್ ಸೆಟ್, 11141 ಹೆಡ್ ಗ್ಯಾಸ್ಕೆಟ್, 12711 ಕ್ಯಾಮ್‌ಶಾಫ್ಟ್, 12911 ಇಂಟೇಕ್ ವಾಲ್ವ್, 12915 ಎಕ್ಸಾಸ್ಟ್ ವಾಲ್ವ್. ಹಳೆ ಮಾಲೀಕರು ಕೊಟ್ಟ ಖಾಲಿ ಡಬ್ಬಿ ಅಥವಾ ಬಿಲ್ ಇದ್ದರೆ ಈ ಐದು ಅಂಕಿ ನೋಡಿ, ಒಳಗೆ ಏನೇನು ಬದಲಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

## ಹಂತ 6: ಅಳತೆ

ಬಿಸಿಲಿನಲ್ಲಿಟ್ಟ ಪಿಸ್ಟನ್ ಅಳೆಯಬೇಡಿ. 74 ಮಿಮೀ ಅಲ್ಯೂಮಿನಿಯಂ ಪಿಸ್ಟನ್ 20 ಡಿಗ್ರಿ ಬಿಸಿಯಾದರೆ ಸುಮಾರು 0.03 ಮಿಮೀ ಹಿಗ್ಗುತ್ತದೆ. ಜಿ13ರಲ್ಲಿ ಪಿಸ್ಟನ್ ಮತ್ತು ಬೋರ್ ನಡುವೆ ಇರಬೇಕಾದ ಸಂದೇ 0.02ರಿಂದ 0.04 ಮಿಮೀ! ಬ್ಲಾಕ್, ಪಿಸ್ಟನ್, ಮೈಕ್ರೋಮೀಟರ್ ಮೂರೂ ಒಂದೇ ಕೋಣೆಯಲ್ಲಿ ಕೆಲವು ಗಂಟೆ ಇದ್ದ ಮೇಲೆ ಅಳೆಯಿರಿ.

ಪಿಸ್ಟನ್. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಬೇಕೆಂದೇ ಸ್ವಲ್ಪ ಅಂಡಾಕಾರ ಮಾಡಿರುತ್ತಾರೆ. ಗಜನ್ ಪಿನ್‌ಗೆ ಅಡ್ಡ ದಿಕ್ಕಿನಲ್ಲಿ, ಸ್ಕರ್ಟ್‌ನ ಕೆಳಭಾಗದಲ್ಲಿ ಅಳೆಯಬೇಕು. ಪಿನ್ ಉದ್ದಕ್ಕೆ ಅಥವಾ ತಲೆಯ ಹತ್ತಿರ ಅಳೆದರೆ ಕಡಿಮೆ ಬರುತ್ತದೆ, ಸವೆದಿದೆ ಅಂತ ತಪ್ಪು ತಿಳಿಯುತ್ತೀರಿ. 73.97–73.99 ಬಂದರೆ ಜಿ13 ಸ್ಟ್ಯಾಂಡರ್ಡ್, 74.22–74.24 ಬಂದರೆ 0.25 ಓವರ್‌ಸೈಜ್, 74.47–74.49 ಬಂದರೆ 0.50. ಓಡಿದ ಪಿಸ್ಟನ್ ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದು ಸಹಜ. 72ರ ಆಸುಪಾಸಿನದು ಝೆನ್‌ನದು.

ಬೋರ್. ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ. ತೀರಾ ಮೇಲ್ತುದಿಯಲ್ಲಿ ರಿಂಗ್ ತಾಗದ ಒಂದು ಸಣ್ಣ ಪಟ್ಟಿ ಇರುತ್ತದೆ. ಮಸಿ ತೆಗೆದು ಅಲ್ಲಿ ಅಳೆದರೆ ಕೊನೆಯ ಸಲ ಬೋರ್ ಮಾಡಿದಾಗ ಎಷ್ಟಿತ್ತು ಅನ್ನುವುದು ತಿಳಿಯುತ್ತದೆ. ನಾಲ್ಕೂ ಬೋರ್ ಅಳೆಯಬೇಕು. ಒಂದು ಸಿಲಿಂಡರಿಗೆ ಮಾತ್ರ ಸ್ಲೀವ್ ಹೊಡೆದು ಸ್ಟ್ಯಾಂಡರ್ಡ್ ಪಿಸ್ಟನ್ ಹಾಕಿ, ಉಳಿದ ಮೂರಕ್ಕೆ 0.50 ಹಾಕಿದ ಎಂಜಿನ್‌ಗಳೂ ಇರುತ್ತವೆ.

ಕ್ರ್ಯಾಂಕ್. ಜಿ13ರ ಬಿಗ್ ಎಂಡ್ ಪಿನ್ (ಕನೆಕ್ಟಿಂಗ್ ರಾಡ್ ಕೂರುವ ಜಾಗ) ಸ್ಟ್ಯಾಂಡರ್ಡ್ 41.982–42.000 ಮಿಮೀ. ಮೇನ್ ಜರ್ನಲ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಜಾಗ) 44.982–45.000 ಮಿಮೀ. ಒಮ್ಮೆ 0.25 ಗ್ರೈಂಡ್ ಆಗಿದ್ದರೆ ಪಿನ್ 41.732–41.750, ಮೇನ್ 44.732–44.750. ಪ್ರತಿ ಪಿನ್‌ನಲ್ಲೂ ಎರಡು ದಿಕ್ಕು, ಎರಡು ಜಾಗ ನೋಡಿ. ವ್ಯತ್ಯಾಸ 0.01 ಮಿಮೀ ದಾಟಿದರೆ ಮತ್ತೆ ಗ್ರೈಂಡಿಂಗ್ ಬೇಕು. ಬಿಗ್ ಎಂಡ್ ಗ್ರೈಂಡ್ ಆಗಿದೆ ಅಂದರೆ ಮೇನ್ ಕೂಡ ಆಗಿದೆ ಅಂತ ಅರ್ಥವಲ್ಲ, ಎರಡನ್ನೂ ಬೇರೆ ಬೇರೆ ಬರೆಯಿರಿ.

ಅಂಗಡಿಯಲ್ಲಿ "10 ಸೈಜ್, 20 ಸೈಜ್" ಅನ್ನುತ್ತಾರೆ. ಅದು ಇಂಚಿನ ಸಾವಿರದ ಲೆಕ್ಕ. 10 ಅಂದರೆ ಸುಮಾರು 0.25 ಮಿಮೀ, 20 ಅಂದರೆ ಸುಮಾರು 0.50 ಮಿಮೀ. 25 ಅಂತ ಬರೆದ ಬೇರಿಂಗ್ ಮತ್ತು "10 ಸೈಜ್" ಬೇರಿಂಗ್ ಒಂದೇ ವರ್ಗದ್ದು, ಗೊಂದಲ ಬೇಡ.

ಬೇರಿಂಗ್ ಚಿಪ್ಪು. ಬೆನ್ನಿನ ಅಚ್ಚು ಅಳಿಸಿದ್ದರೆ ದಪ್ಪ ಅಳೆಯಬೇಕು. ಒಳಮೈ ಬಾಗಿರುವುದರಿಂದ ಮೈಕ್ರೋಮೀಟರ್‌ನ ಚಪ್ಪಟೆ ಮುಖ ಸರಿಯಾಗಿ ಕೂರುವುದಿಲ್ಲ. ಅಳತೆ ಗೊತ್ತಿರುವ ಸಣ್ಣ ಉಕ್ಕಿನ ಗುಂಡನ್ನು ಒಳಮೈಗೆ ಇಟ್ಟು ಅಳೆದು, ಗುಂಡಿನ ಅಳತೆ ಕಳೆಯಿರಿ. 0.25 ಅಂಡರ್‌ಸೈಜ್ (ಅಷ್ಟು ಗ್ರೈಂಡ್ ಆದ ಕ್ರ್ಯಾಂಕ್‌ಗೆ ಹೊಂದುವ) ಬೇರಿಂಗ್‌ನ ಒಂದು ಚಿಪ್ಪು ಸ್ಟ್ಯಾಂಡರ್ಡ್‌ಗಿಂತ 0.25 ದಪ್ಪ ಇರುವುದಿಲ್ಲ, ಅದರ ಅರ್ಧ, 0.125 ಇರುತ್ತದೆ. ಚಿಪ್ಪು ಎರಡಿವೆ ಅಲ್ವಾ? ಇದು ತಿಳಿಯದೆ ಒಳ್ಳೆ ಬೇರಿಂಗನ್ನು ನಕಲಿ ಅಂತ ವಾಪಸ್ ಕೊಟ್ಟವರಿದ್ದಾರೆ.

ರಿಂಗ್. ಹೊಸ ರಿಂಗ್ ಯಾವ ಸೈಜಿನದು ಅಂತ ಅನುಮಾನ ಬಂದರೆ ಬೋರ್ ಒಳಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ, ತುದಿಗಳ ಗ್ಯಾಪ್‌ಗೆ ಫೀಲರ್ ಗೇಜ್ ಹಾಕಿ. ವ್ಯಾಸ 0.25 ಮಿಮೀ ಬದಲಾದರೆ ಗ್ಯಾಪ್ ಸುಮಾರು 0.79 ಮಿಮೀ ಬದಲಾಗುತ್ತದೆ. ಗ್ಯಾಪ್ ಒಂದು ಮಿಲಿಮೀಟರ್ ದಾಟಿದರೆ ರಿಂಗ್ ಚಿಕ್ಕದು ಅಥವಾ ಬೋರ್ ತುಂಬಾ ಸವೆದಿದೆ. ತುದಿಗಳು ಒಂದಕ್ಕೊಂದು ತಾಗಿದರೆ ಅದು ದೊಡ್ಡ ಸೈಜಿನ ರಿಂಗ್. ಅರದಿಂದ ಉಜ್ಜಿ ಹೊಂದಿಸಿಕೊಳ್ಳಲು ಹೋಗಬೇಡಿ, ಬದಲಾಯಿಸಿ.

## ಹಂತ 7: ಹೆಚ್ಚು ಜನ ತಪ್ಪುವ ಭಾಗಗಳು

ಅರ್ಧಚಂದ್ರದ ಎರಡು ತುಂಡುಗಳ ಹೆಸರು ಥ್ರಸ್ಟ್ ಬೇರಿಂಗ್. ಜಿ13ರಲ್ಲಿ ಇವು ನಡುವಿನ, ಅಂದರೆ ಮೂರನೇ ಮೇನ್ ಜರ್ನಲ್‌ನ ಎರಡು ಪಕ್ಕಗಳಲ್ಲಿ ಕೂರುತ್ತವೆ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಇವೇ. ಎಣ್ಣೆ ಗೀರು ಇರುವ ಮುಖ ಕ್ರ್ಯಾಂಕ್ ಕಡೆಗಿರಬೇಕು. ಕ್ರ್ಯಾಂಕ್ ಎತ್ತುವಾಗ ಇವು ಸುಮ್ನೆ ಜಾರಿ ಟ್ರೇಗೆ ಬೀಳುತ್ತವೆ, ಅದಕ್ಕೇ ಜಾಗ ಗೊತ್ತಾಗುವುದಿಲ್ಲ. ಬಿಟ್ಟು ಜೋಡಿಸಿದರೆ ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಬ್ಲಾಕಿಗೆ ಉಜ್ಜುತ್ತದೆ.

ಮೇನ್ ಬೇರಿಂಗ್‌ನ ಎರಡು ಚಿಪ್ಪಿನಲ್ಲಿ ಒಂದಕ್ಕೆ ಎಣ್ಣೆ ಗೀರು ಇದೆ, ಇನ್ನೊಂದಕ್ಕೆ ಇಲ್ಲ. ಗೀರು ಇರುವುದು ಬ್ಲಾಕ್ ಕಡೆಗೆ, ಇಲ್ಲದ್ದು ಕ್ಯಾಪ್ ಕಡೆಗೆ. ಅದಲು ಬದಲಾದರೆ ಬಿಗ್ ಎಂಡ್‌ಗೆ ಎಣ್ಣೆ ಸರಿಯಾಗಿ ಹೋಗುವುದಿಲ್ಲ.

ವಾಲ್ವ್‌ಗಳಲ್ಲಿ ಅಗಲ ತಲೆಯದು ಇಂಟೇಕ್. ಎಕ್ಸಾಸ್ಟ್ ವಾಲ್ವ್‌ನ ತಲೆಗೆ ಮ್ಯಾಗ್ನೆಟ್ ಅಂಟದಿದ್ದರೂ ಆಶ್ಚರ್ಯ ಬೇಡ, ಬಿಸಿ ತಡೆಯುವ ಉಕ್ಕಿನ ಗುಣ ಅದು. ಸ್ಪ್ರಿಂಗ್‌ನ ಸುತ್ತು ಒಂದು ತುದಿಯಲ್ಲಿ ಒತ್ತಾಗಿರುತ್ತದೆ, ಆ ತುದಿ ಕೆಳಗೆ, ಹೆಡ್ ಕಡೆಗೆ. ರಿಂಗ್‌ನ ಮೇಲೆ ಅಕ್ಷರ ಇರುವ ಮುಖ ಯಾವಾಗಲೂ ಮೇಲಕ್ಕೆ.

ಬ್ಲಾಕ್‌ನ ಮೇಲ್ಮೈಯಲ್ಲಿ ಹೆಡ್‌ಗೆ ಎಣ್ಣೆ ಹೋಗುವ ದಾರಿಯನ್ನು ನೋಡಿ. ಅಲ್ಲಿ ಸಣ್ಣ ತೂತಿನ ಪ್ಲಗ್ ಇದ್ದರೆ ಅದು ಕಸವಲ್ಲ, ಹೆಡ್‌ಗೆ ಎಷ್ಟು ಎಣ್ಣೆ ಹೋಗಬೇಕು ಅಂತ ಮಿತಿ ಇಡುವುದು ಅದೇ. ಲೇತ್‌ಗೆ ಬ್ಲಾಕ್ ಕೊಡುವ ಮೊದಲು ತೆಗೆದು ಕವರ್‌ಗೆ ಹಾಕಿಡಿ.

## ಹಂತ 8: ಆದರೂ ಒಂದು ಭಾಗ ಉಳಿದರೆ

ಗುರುತಿಲ್ಲ, ಜಾಗ ಗೊತ್ತಿಲ್ಲ. ಆಗ ಭಾಗದ ಹೊಳಪು ನೋಡಿ. ಸುತ್ತಲೂ ಸಮವಾಗಿ ಹೊಳೆದಿದ್ದರೆ ಅದು ತಿರುಗಿದೆ, ಅಥವಾ ಅದರೊಳಗೆ ಬೇರೇನೋ ತಿರುಗಿದೆ. ಉದ್ದುದ್ದ ಗೆರೆ ಇದ್ದರೆ ಜಾರಿದೆ. ಎಲ್ಲೂ ಹೊಳಪಿಲ್ಲದೆ ಎರಡು ಮುಖದಲ್ಲಿ ಒತ್ತಿದ ಅಚ್ಚು ಮಾತ್ರ ಇದ್ದರೆ ಕದಲದೆ ಕೂತಿತ್ತು. ಈಗ ಅದರ ಜೋಡಿ ಹುಡುಕಿ. ಉಜ್ಜಿದ ಭಾಗಕ್ಕೆ ಎದುರಾಗಿ, ಅದೇ ಅಗಲದ ಉಜ್ಜಿದ ಗುರುತು ಎಂಜಿನ್‌ನಲ್ಲಿ ಎಲ್ಲೋ ಇದ್ದೇ ಇರುತ್ತದೆ. ವರ್ನಿಯರ್ ಹಿಡಿದು ಆ ಅಗಲವನ್ನು ಹುಡುಕಿ.

ಟೊಳ್ಳಾದ ಸಣ್ಣ ಕೊಳವೆಯಂಥದು ಸಿಕ್ಕರೆ ಅದು ಡೋವೆಲ್. ಹೆಡ್ ಅಥವಾ ಮೇಲಿನ ಕವರ್ ಸರಿಯಾದ ಜಾಗದಲ್ಲಿ ಕೂರಲು ಬೋಲ್ಟ್ ತೂತಿನ ಸುತ್ತ ಇರುತ್ತದೆ. ಅರ್ಧ ವೃತ್ತದ ಗಟ್ಟಿ ಉಕ್ಕಿನ ತುಂಡು ಪುಲ್ಲಿಯ ಕೀ. ಸ್ಪ್ರಿಂಗ್ ಜೊತೆ ಸಿಲಿಂಡರ್ ಆಕಾರದ ಸಣ್ಣ ತುಂಡಿದ್ದರೆ ಆಯಿಲ್ ಪಂಪ್‌ನ ರಿಲೀಫ್ ವಾಲ್ವ್ ನೋಡಿ. ಇನ್ನೂ ಸಿಗದಿದ್ದರೆ ಎಂಜಿನ್ ಜೋಡಿಸುವುದನ್ನು ನಿಲ್ಲಿಸಿ. ಉಳಿದ ಭಾಗವನ್ನು ಬದಿಗಿಟ್ಟು ಸ್ಟಾರ್ಟ್ ಮಾಡುವುದು ಬೇಡವೇ ಬೇಡ.

## ಎಚ್ಚರಿಕೆಯ ಗುರುತುಗಳು

ಬೇರಿಂಗ್ ಚಿಪ್ಪಿನ ಹಿಂದೆ ತಗಡು ಅಥವಾ ಕಾಗದ ಇದ್ದರೆ ಆ ರಾಡ್ ಅಥವಾ ಬ್ಲಾಕನ್ನು ಲೇತ್‌ನಲ್ಲಿ ಪರೀಕ್ಷಿಸದೆ ಬಳಸಬೇಡಿ. ಯಾರೋ ಸಡಿಲವಾದ ಬೇರಿಂಗನ್ನು ಹಾಗೇ ಬಿಗಿ ಮಾಡಿದ್ದಾರೆ. ಕ್ಯಾಪ್‌ನ ಜೋಡಣೆ ಮುಖ ಅರದಿಂದ ಉಜ್ಜಿದಂತಿದ್ದರೂ ಇದೇ ಅನುಮಾನ. ಒಂದೇ ಪಿನ್‌ನಲ್ಲಿ ಎರಡು ಬೇರೆ ಸೈಜಿನ ಚಿಪ್ಪು, ಕ್ರ್ಯಾಂಕ್ ಮೇಲೆ ಕೈಯಲ್ಲಿ ಎಮರಿ ಉಜ್ಜಿದ ಓರೆ ಗೆರೆ, ನಾಲ್ಕು ಪಿಸ್ಟನ್‌ಗಳಲ್ಲಿ ಎರಡು ಬೇರೆ ಕಂಪನಿಯವು: ಇಂಥದು ಒಂದು ಕಂಡರೂ ಆ ಎಂಜಿನ್‌ನಲ್ಲಿ ಯಾವುದನ್ನೂ ಸ್ಟ್ಯಾಂಡರ್ಡ್ ಅಂದುಕೊಳ್ಳದೆ ಪ್ರತಿಯೊಂದನ್ನೂ ಅಳೆಯಿರಿ.

ಹೆಡ್ ಮತ್ತು ಬ್ಲಾಕ್ ಒಂದೇ ಎಂಜಿನ್‌ನವೋ ಅಂತಲೂ ನೋಡಿ. 16 ವಾಲ್ವ್ ಹೆಡ್ ಕೆಳಗೆ 8 ವಾಲ್ವ್‌ನ ಪಿಸ್ಟನ್ ಇರಬಹುದು. ಪಿಸ್ಟನ್ ತಲೆಯಲ್ಲಿ ವಾಲ್ವ್‌ಗಾಗಿ ಬಿಟ್ಟ ತಗ್ಗುಗಳು ಹೆಡ್‌ನ ವಾಲ್ವ್‌ಗಳ ಜಾಗಕ್ಕೆ ಹೊಂದುತ್ತವೆಯೇ, ವಾಲ್ವ್ ತಾಗಿದ ಗುರುತು ಇದೆಯೇ ಪರೀಕ್ಷಿಸಿ.

## ಹಂತ 9: ಅಂಗಡಿಗೆ ಹೋಗುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯೇ ಇರಲಿ, ನಿಮ್ಮೂರಿನ ಸ್ಪೇರ್ಸ್ ಅಂಗಡಿಯೇ ಇರಲಿ, "ಝೆನ್ ಪಿಸ್ಟನ್ ಕೊಡಿ" ಅಂತ ಕೇಳಬೇಡಿ. ಎಂಜಿನ್ ಮಾದರಿ, ವಾಲ್ವ್ ಎಷ್ಟು, ಸೈಜ್ ಎಷ್ಟು ಅಂತ ಹೇಳಿ. ಹಳೆ ಪಿಸ್ಟನ್, ಒಂದು ಬೇರಿಂಗ್ ಚಿಪ್ಪು, ವರ್ನಿಯರ್ ಜೊತೆಗಿರಲಿ. ಡಬ್ಬಿ ಮೇಲಿನ ನಂಬರ್ ಮತ್ತು ಒಳಗಿನ ಭಾಗ ಎರಡನ್ನೂ ಅಲ್ಲೇ ನೋಡಿ. ಪಿಸ್ಟನ್‌ನಲ್ಲಿ ವ್ಯಾಸದಷ್ಟೇ ಮುಖ್ಯವಾದದ್ದು ಪಿನ್‌ನ ದಪ್ಪ, ಪಿನ್ ಮಧ್ಯದಿಂದ ತಲೆಯವರೆಗಿನ ಎತ್ತರ ಮತ್ತು ತಲೆಯ ತಗ್ಗುಗಳು.

ಪಿಸ್ಟನ್ ಮೊದಲು, ಬೋರಿಂಗ್ ಆಮೇಲೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನೇ ಲೇತ್ ಅಂಗಡಿಗೆ ಕೊಟ್ಟು, ಅದರ ಅಳತೆಗೆ ತಕ್ಕಂತೆ ಬೋರ್ ಮತ್ತು ಹೋನಿಂಗ್ (ಕೊನೆಯ ನುಣುಪು ಉಜ್ಜುವಿಕೆ) ಮಾಡಿಸಿ. 0.50ಕ್ಕೆ ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಲು ಹೊರಟರೆ, ಹಳೆ ಎಂಜಿನ್‌ಗೆ ಆ ಸೈಜ್ ಸಿಗದೆ ಹೋಗಬಹುದು.

ಬೇರಿಂಗ್ ತಂದ ಮೇಲೆ ಪ್ಲಾಸ್ಟಿಗೇಜ್‌ನಿಂದ ಪರೀಕ್ಷಿಸಿ. ಜರ್ನಲ್ ಒರೆಸಿ, ಎಣ್ಣೆ ಹಾಕದೆ, ಒಂದು ತುಂಡು ಎಳೆ ಇಟ್ಟು ಕ್ಯಾಪನ್ನು ಪೂರ್ತಿ ಟಾರ್ಕ್‌ಗೆ ಬಿಗಿ ಮಾಡಿ ಮತ್ತೆ ಬಿಚ್ಚಿ. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಹಸಿರು ಎಳೆ 0.025ರಿಂದ 0.076 ಮಿಮೀವರೆಗೆ ತೋರಿಸುತ್ತದೆ. ಜಿ13ರಲ್ಲಿ ಮೇನ್‌ಗೆ 0.02–0.04, ಬಿಗ್ ಎಂಡ್‌ಗೆ 0.02–0.05 ಮಿಮೀ ಒಳಗೆ ಬರಬೇಕು. ಎಳೆಯನ್ನು ಪೂರ್ತಿ ಒರೆಸಿ ತೆಗೆದು, ಆಯಿಲ್ ಹಚ್ಚಿ, ಮೇನ್ ಕ್ಯಾಪ್ ಒಂದೊಂದೇ ಬಿಗಿ ಮಾಡುತ್ತಾ ಪ್ರತಿ ಸಲವೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಯಾವ ಕ್ಯಾಪ್ ಬಿಗಿ ಮಾಡಿದಾಗ ತಿರುಗುವುದು ನಿಂತಿತೋ, ತಪ್ಪು ಸೈಜಿನ ಚಿಪ್ಪು ಇರುವುದು ಅಲ್ಲೇ.